ಎರಡು ಹೊಳೆ, ಎರಡು ಕಡವು, ಒಂದು ಸೈಕಲ್ಲು

ಮಂಗಳೂರು ಸೈಕಲ್ಲಿನವರ ಊರಲ್ಲ ಎಂಬ ಮಾತಿದೆ. ಬಾವುಟಗುಡ್ಡೆ, ಕದ್ರಿ, ಬಲ್ಮಠ, ಬಿಜೈ, ಬೆಂದೂರು ಎಲ್ಲಿಗೆ ಹೊರಟರೂ ಒಂದು ಏರು ಕಾದಿರುತ್ತದೆ. ಹತ್ತಿ ಮುಗಿಸುವಷ್ಟರಲ್ಲಿ ಅಂಗಿ ಬೆನ್ನಿಗಂಟಿರುತ್ತದೆ. ಗುಡ್ಡದ ಮೇಲಿನ ಮಂಗಳೂರಿನ ಮಟ್ಟಿಗೆ ಇದು ನಿಜವೇ. ಆದರೆ ಈ ಊರಿಗೆ ಉದ್ದಕ್ಕೂ ಒಂದು ಸಪಾಟಾದ ಅಂಚಿದೆ. ದಕ್ಷಿಣದಲ್ಲಿ ನೇತ್ರಾವತಿ, ಪಶ್ಚಿಮದಲ್ಲಿ ಗುರುಪುರ ಹೊಳೆ. ಎರಡೂ ಘಟ್ಟದಿಂದ ಇಳಿದು ಬರುತ್ತವೆ. ಗುರುಪುರ ಹೊಳೆ ಕಡಲ ಬಳಿ ಬಂದರೂ ನೇರ ಅದಕ್ಕೆ ಬೀಳದೆ ದಕ್ಷಿಣಕ್ಕೆ ತಿರುಗಿ, ಕೆಲವು ಕಿಲೋಮೀಟರ್ ಕಡಲಿನ ಪಕ್ಕದಲ್ಲೇ ಹರಿದು, ಕೊನೆಗೆ ನೇತ್ರಾವತಿಯನ್ನು ಕೂಡಿಕೊಂಡು ಒಂದೇ ಅಳಿವೆ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಈ ಎರಡು ಹೊಳೆಗಳ ದಡ ಹಿಡಿದು ಹೊರಟರೆ ಗೇರ್ ಇಲ್ಲದ ಹಳೆಯ ಸೈಕಲ್ಲೂ ಸಾಕು.

ಊರು ಹುಟ್ಟಿದ್ದು ಈ ಅಂಚಿನಲ್ಲಿ. ಬೆಳೆದ ಮೇಲೆ ಅದು ಗುಡ್ಡ ಹತ್ತಿತು. ಆಸ್ಪತ್ರೆ, ಕಾಲೇಜು, ಮಾಲ್, ಹತ್ತಾರು ಮಹಡಿಯ ವಸತಿ ಸಮುಚ್ಚಯ ಎಲ್ಲವೂ ಮೇಲೆಯೇ ಎದ್ದವು. ಈಗಿನ ಮಂಗಳೂರಿಗರಲ್ಲಿ ಎಷ್ಟೋ ಮಂದಿಗೆ ಹೊಳೆ ಕಾಣಸಿಗುವುದು ಹೆದ್ದಾರಿಯ ಸೇತುವೆ ದಾಟುವ ಅರೆ ನಿಮಿಷದಲ್ಲಿ, ಕಾರಿನ ಗಾಜಿನಾಚೆ. ನೀರಿನ ಪಕ್ಕದ ಊರು ಮಾತ್ರ ಇಂದಿಗೂ ಬೆಳಗಿನ ಜಾವಕ್ಕೆ ಎದ್ದು ದುಡಿಯುತ್ತಿದೆ. ಅದನ್ನು ನೋಡಲು ಕಾರು ದೊಡ್ಡದಾಯಿತು, ಗಲ್ಲಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಡೆದು ಹೋಗೋಣವೆಂದರೆ ಬಿಸಿಲೇರುವುದರೊಳಗೆ ಮುಗಿಯುವುದಿಲ್ಲ. ಸೈಕಲ್ ಆದರೆ ಗಲ್ಲಿಯಲ್ಲೂ ನುಗ್ಗುತ್ತದೆ, ದೋಣಿಯನ್ನೂ ಹತ್ತುತ್ತದೆ. ದೋಣಿ ಹತ್ತದೆ ಈ ಸವಾರಿ ಪೂರ್ತಿಯಾಗುವುದೂ ಇಲ್ಲ.

ಹೊರಡುವ ಮೊದಲು ಗಾಳಿಯ ಲೆಕ್ಕ ಒಂದಿಷ್ಟು ಗೊತ್ತಿರಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳಲ್ಲಿ ಇಲ್ಲಿ ಬೆಳಿಗ್ಗೆ ಬೀಸುವುದು ಮೂಡಣದ ನೆಲಗಾಳಿ, ತಂಪು, ಹಗುರ. ಹೊತ್ತೇರಿ ನೆಲ ಕಾದ ಮೇಲೆ ಕಡಲಿನಿಂದ, ವಾಯವ್ಯದ ಕಡೆಯಿಂದ, ಗಾಳಿ ಏಳುತ್ತದೆ. ಬೆಳಿಗ್ಗೆ ದಕ್ಷಿಣದಿಂದ ಹೊರಟು ಉತ್ತರಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ತಿರುಗಿ ದಕ್ಷಿಣಕ್ಕೆ ಇಳಿದರೆ ಗಾಳಿಯೇ ಬೆನ್ನು ತಳ್ಳುತ್ತದೆ. ಹಾಯಿಯ ಕಾಲದಲ್ಲಿ ದೋಣಿಯವರು ಹೊರಡುವ, ಮರಳುವ ಹೊತ್ತನ್ನು ಗೊತ್ತುಮಾಡಿಕೊಳ್ಳುತ್ತಿದ್ದುದೂ ಈ ಗಾಳಿ ನೋಡಿಯೇ.

ಜೆಪ್ಪು, ಮೋರ್ಗನ್ಸ್ ಗೇಟ್ ಬಳಿ ನೇತ್ರಾವತಿಯ ದಡದಿಂದ ಆರಂಭಿಸುವುದು ಒಳ್ಳೆಯದು. ರೈಲ್ವೆ ಸೇತುವೆ ಎಡಕ್ಕೆ ಕಾಣುತ್ತದೆ. ಹೊಳೆ ಇಲ್ಲಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತದೆ. ಇಳಿತದ ಹೊತ್ತಾದರೆ ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರ ತಲೆಗಳು ಮಾತ್ರ ಕಾಣುತ್ತವೆ. ಈ ದಡದಲ್ಲೇ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದರು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ಇಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸಿ ಹಂಚು ಸುಡುವುದನ್ನು ಶುರುಮಾಡಿದ. ಮೂರು ವರ್ಷ ಕಳೆದು 1868ರಲ್ಲಿ ಅಲ್ಬುಕರ್ಕ್ ಕುಟುಂಬದವರು ತಮ್ಮದೇ ಕಾರ್ಖಾನೆ ಹಾಕಿದರು. ಆಮೇಲೆ ದಡದುದ್ದಕ್ಕೂ ಹೊಗೆಗೊಳವೆಗಳು ಎದ್ದವು.

ಕಾರ್ಖಾನೆಗಳು ಹೊಳೆಗೆ ಅಂಟಿಕೊಂಡೇ ಯಾಕೆ ಬಂದವು ಎಂಬುದು ಇಲ್ಲಿ ಸೈಕಲ್ ನಿಲ್ಲಿಸಿ ಸುತ್ತ ನೋಡಿದರೆ ತಿಳಿಯುತ್ತದೆ. ಮಣ್ಣು ಹೊಳೆಯ ಮೇಲ್ಬದಿಯ ಗದ್ದೆಗಳಿಂದ ದೋಣಿಯಲ್ಲಿ ಬರುತ್ತಿತ್ತು. ಆವಿಗೆಗೆ ಬೇಕಾದ ಸೌದೆಯೂ ದೋಣಿಯಲ್ಲೇ ಇಳಿಯುತ್ತಿತ್ತು. ಸುಟ್ಟ ಹಂಚು ಅದೇ ದಡದಿಂದ ದೋಣಿ ಹತ್ತಿ ಬಂದರಿಗೆ, ಅಲ್ಲಿಂದ ಮುಂಬೈಗೆ, ಇನ್ನೂ ಆಚೆ ಪೂರ್ವ ಆಫ್ರಿಕದ ಕರಾವಳಿಗೆ ಹೋಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರೆ ಅಷ್ಟು ಭಾರದ, ಅಷ್ಟು ಸುಲಭವಾಗಿ ಒಡೆಯುವ ಸರಕಿನಿಂದ ಯಾರಿಗೂ ಲಾಭವಾಗುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನರ ಆಸ್ತಿಯೆಂದು ಮಿಶನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ತಾರಸಿ ಮನೆಗಳ ಕಾಲ ಬಂದು, ಒಳ್ಳೆಯ ಜೇಡಿಮಣ್ಣೂ ಸಿಗದಂತಾಗಿ, ಒಂದೊಂದೇ ಆವಿಗೆ ಆರಿತು. ಕೆಲವೆಡೆ ಗೋಡೆಯ ತುಂಡುಗಳು, ಹಂಚಿನ ಚೂರುಗಳ ರಾಶಿ ಇನ್ನೂ ಇವೆ. ನಮ್ಮ ಅಜ್ಜಿಯರ ಮನೆಗಳನ್ನು ಮಳೆಯಿಂದ ಕಾಪಾಡಿದ ಹಂಚು ಬಂದದ್ದು ಈ ಕೆಸರಿನಿಂದ. ಇಲ್ಲಿ ಅದನ್ನು ನೆನಪಿಸುವ ಒಂದು ಸಣ್ಣ ವಸ್ತುಸಂಗ್ರಹಾಲಯ ಬೇಕು. ಒಂದು ಹಳೆಯ ಶೆಡ್ಡು, ಒಂದು ಹಂಚಿನ ಅಚ್ಚು, ಕೆಲವು ಫೋಟೊ ಇದ್ದರೂ ಸಾಕು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿಯ ದಡಕ್ಕೆ ವಾಯುವಿಹಾರದ ಪಥ ಹಾಕುವ ಕೆಲಸ ಕೈಗೆತ್ತಿಕೊಂಡರು. ಸಂಜೆ ಮಕ್ಕಳನ್ನು ಕರೆದುಕೊಂಡು ಕೂರಲು ಜಾಗವಿಲ್ಲದ ಊರಿಗೆ ಇಂಥದ್ದು ಬೇಕು, ಅದರಲ್ಲಿ ಸಂಶಯವಿಲ್ಲ. ನನಗಿರುವ ಆತಂಕ ಬೇರೆ. ದಡಕ್ಕೆ ಕಲ್ಲು ಹಾಸಿ ಕಂಬಿ ಕಟ್ಟಿದ ಕೂಡಲೇ ಅದು ನೋಡುವವರ ಜಾಗವಾಗುತ್ತದೆ. ದೋಣಿ ಎಳೆದು ಹಾಕುವವರು, ಬಲೆ ಹರವುವವರು, ಮರುವಾಯಿ ಗೋಣಿ ಇಳಿಸುವವರು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಅಲ್ಲಲ್ಲಿ ಉಳಿದಿರುವ ಕಾಂಡ್ಲಾ ಗಿಡಗಳು ಮೊದಲು ಹೋಗುತ್ತವೆ. ನೀರಿಗೆ ಇಳಿಯುವ ಮೆಟ್ಟಿಲು, ದೋಣಿಗೆ ಬಿಟ್ಟ ಇಳಿಜಾರು, ಕಾಂಡ್ಲಾಕ್ಕೆ ಬಿಟ್ಟ ಕೆಸರು ಈ ಮೂರೂ ನಕ್ಷೆಯಲ್ಲೇ ಇರಬೇಕು.

ಜೆಪ್ಪುವಿನಿಂದ ಬೋಳಾರ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ಗುಡಿ ಇಲ್ಲೇ, ಹೊಳೆಯಿಂದ ಅಷ್ಟು ದೂರವೇನಿಲ್ಲ. ದೀಪಕ್ಕೆ ಕೈಮುಗಿದು ಮುಂದೆ ಹೋದರೆ ಹೊಯಿಗೆಬಜಾರ್. ದೋಣಿ ಕಟ್ಟುವ, ರಿಪೇರಿ ಮಾಡುವ ಅಂಗಳಗಳು, ಐಸ್ ಪ್ಲಾಂಟುಗಳು, ದಾರಿಗೆ ಅಡ್ಡ ಬಿದ್ದ ಹಗ್ಗದ ಸುರುಳಿಗಳು. ಗಾಳಿಯಲ್ಲಿ ಡೀಸೆಲ್, ಬಣ್ಣ, ಒಣಮೀನು. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರಕ್ಕಾಗಿ ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದ ಕೊರಗಪ್ಪನವರು ಈ ಹೊಯಿಗೆಬಜಾರಿನ ವ್ಯಾಪಾರಿ. ದೇವಸ್ಥಾನದ ಒಳಗೆ ಕಾಲಿಡಲು ಬಿಡದಿದ್ದ ಕಾಲದಲ್ಲಿ ಬಿಲ್ಲವರು ತಮಗೆಂದೇ ಒಂದು ಗುಡಿ ಕಟ್ಟಿಕೊಳ್ಳಲು ಹೊರಟರು. ಗುರುಗಳು ಬಂದು 1912ರಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದರು. ಇಂದು ದಸರಾದಲ್ಲಿ ಜನಸಾಗರ ಸೇರುವ ಆ ಕ್ಷೇತ್ರದ ಹಿಂದೆ ಹೊಳೆದಡದಲ್ಲಿ ದುಡಿದ ಹಣವಿದೆ, ಹೊಳೆದಡದವರ ಛಲವಿದೆ.

ಹೊಯಿಗೆಬಜಾರ್ ದಾಟಿದರೆ ಹೊಳೆ ಬದಲಾಗಿರುತ್ತದೆ. ನೇತ್ರಾವತಿ ಹಿಂದೆ ಉಳಿದು, ಎಡಕ್ಕೆ ಗುರುಪುರ ಹೊಳೆ. ಆಚೆ ದಡದಲ್ಲಿ ತೆಂಗಿನ ತೋಟದ ನಡುವೆ ಬೆಂಗ್ರೆ, ಅದರಾಚೆ ಕಡಲು. ಈಚೆ ದಡದಲ್ಲಿ ಬಂದರು ಮತ್ತು ಧಕ್ಕೆ.

ಧಕ್ಕೆಗೆ ಬಿಸಿಲೇರುವ ಮೊದಲೇ ತಲುಪಬೇಕು. ಸೈಕಲ್ಲನ್ನು ತಳ್ಳಿಕೊಂಡೇ ಒಳಗೆ ಹೋಗಬೇಕು, ತುಳಿಯಲು ಜಾಗವಿರುವುದಿಲ್ಲ. ಟ್ರಾಲ್ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಒಳಗಿನ ಬೋಟಿನ ಮೀನು ಹೊರಗೆ ಬರಬೇಕಾದರೆ ಮೂರು ನಾಲ್ಕು ಬೋಟುಗಳ ಮೇಲೆ ಹಾದು ಬರಬೇಕು. ಬುಟ್ಟಿ ಕೈಯಿಂದ ಕೈಗೆ ದಾಟುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ, ಬೊಂಡಾಸ್. ನೆಲಕ್ಕೆ ಸುರಿದ ಕೂಡಲೇ ಸುತ್ತ ಜನ ಸೇರಿ ಏಲಂ ಶುರು. ಕೂಗುವವನ ತುಳುವಿನ ವೇಗಕ್ಕೆ ಹೊರಗಿನವರ ಕಿವಿ ಒಗ್ಗಲು ಹೊತ್ತು ಬೇಕು. ಬುಟ್ಟಿ ಹಿಡಿದ ಮೀನುಮಾರುವ ಹೆಂಗಸರು ಮಾತ್ರ ಒಂದು ಹುಬ್ಬಿನ ಸನ್ನೆಯಲ್ಲೇ ವ್ಯಾಪಾರ ಮುಗಿಸಿರುತ್ತಾರೆ. ಮೇಲೆ ಗರುಡಗಳು ಸುತ್ತುತ್ತಿರುತ್ತವೆ, ಬೋಟಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಸಾಲಾಗಿ ಕಾದು ಕೂತಿರುತ್ತವೆ. ಫೋಟೊ ತೆಗೆಯಲು ನಡುದಾರಿಯಲ್ಲಿ ನಿಂತವನಿಗೆ ಹಿಂದಿನಿಂದ ಕೂಗು ಬರುತ್ತದೆ: "ಸ್ವಲ್ಪ ಬದಿಗೆ ಹೋಗಿ ಅಣ್ಣಾ, ಐಸ್ ಬರ್ತಾ ಉಂಟು!" ಹೋಗಲೇಬೇಕು. ಇಲ್ಲಿ ಐಸಿಗೆ ಇರುವಷ್ಟು ಅವಸರ ಇನ್ಯಾರಿಗೂ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಆಗ ಕೆರಳಿರುತ್ತದೆ. ಆ ಎರಡು ತಿಂಗಳು ಧಕ್ಕೆಯಲ್ಲಿ ಬೋಟುಗಳು ಮಳೆಗೆ ನೆನೆಯುತ್ತ ನಿಂತಿರುತ್ತವೆ. ಬಲೆ ಹೆಣೆಯುವ ಕೆಲಸ ಮಾತ್ರ ನಡೆದಿರುತ್ತದೆ.

ಮೀನಿನ ಧಕ್ಕೆಯ ಪಕ್ಕದ ಹಳೆ ಬಂದರಿನಲ್ಲಿ ನಿಲ್ಲುವ ಮಂಜಿಗಳ ಕಥೆ ಬೇರೆ. ದೊಡ್ಡ ಹೊಟ್ಟೆಯ ಈ ಮರದ ಹಡಗುಗಳು ಲಕ್ಷದ್ವೀಪಕ್ಕೆ ಹೋಗುವಂಥವು. ಸಿಮೆಂಟ್, ಜಲ್ಲಿ, ತರಕಾರಿ, ಅಕ್ಕಿ, ಆಡುಕುರಿ ಎಲ್ಲವೂ ಇಲ್ಲಿಂದ ಏರುತ್ತದೆ. ಮಂಗಳೂರಿಗೂ ಆ ದ್ವೀಪಗಳಿಗೂ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಇರುವ ಅಮಿನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಕಡಲ ನಡುವಿನ ಆ ಹವಳದ ದಿಬ್ಬಗಳ ಕಡತಗಳು ಆಗ ಬರುತ್ತಿದ್ದುದು ಮಂಗಳೂರಿಗೆ. ಈಗ ಆಡಳಿತ ಬೇರೆಯಾಗಿದೆ, ಈರುಳ್ಳಿ ಮಾತ್ರ ಇಲ್ಲಿಂದಲೇ ಹೋಗುತ್ತದೆ.

ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ. ಬಂದರಿನ ಈ ಗಲ್ಲಿಗಳಲ್ಲಿ ನಿಧಾನವಾಗಿ ಸಾಗುವುದು ಈ ಸವಾರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದನೆಯ ಗೋದಾಮುಗಳು. ಒಂದು ಬಾಗಿಲಿನಿಂದ ಮೆಣಸಿನ ಘಾಟು, ಇನ್ನೊಂದರಿಂದ ಗೋಣಿಯ ವಾಸನೆ. ಬ್ಯಾರಿ, ತುಳು, ಕೊಂಕಣಿ, ಕನ್ನಡ, ಮಲಯಾಳಂ ಒಂದೇ ವ್ಯಾಪಾರದಲ್ಲಿ ಬೆರೆತು ಬರುತ್ತವೆ. ಇದು ಇಂದು ನಿನ್ನೆಯದಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಈ ಊರಿನಲ್ಲಿ ಬದುಕಿದ್ದ. ಹುಟ್ಟಿದ್ದು ಈಗಿನ ಟ್ಯುನೀಷಿಯದಲ್ಲಿ, ಏಡನ್ ಮೂಲಕ ಇಲ್ಲಿಗೆ ಬಂದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಎರಕ ಹೊಯ್ಯಿಸುತ್ತಿದ್ದ. ಏಡನ್‌ನಿಂದ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಬರೆಯಲು ಕಾಗದ ಇಲ್ಲಿ ಸಿಗುತ್ತಿರಲಿಲ್ಲ ನೋಡಿ. ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವನ್ನು ಮಂಗಳೂರಿನಲ್ಲೇ ಬರೆದ. ಅವಳೊಂದಿಗೆ ಸಂಸಾರ ಹೂಡಿ, ವರ್ಷಗಟ್ಟಲೆ ಬದುಕಿ, 1149ರಲ್ಲಿ ಏಡನ್‌ಗೆ ಮರಳಿದ. ಅವನ ವ್ಯಾಪಾರದ ಆಳಾಗಿ ಏಡನ್‌ವರೆಗೆ ಹೋಗಿ ಬರುತ್ತಿದ್ದವನ ಹೆಸರು ಬೊಮ್ಮ. ಈ ಕಾಗದಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಟ್ಟಲೆ ಉಳಿದುಕೊಂಡವು. ಅಮಿತಾವ್ ಘೋಷ್ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದು ಒಂದು ಪುಸ್ತಕವನ್ನೇ ಬರೆದರು. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಬಂದಾಗಲೂ ಇಲ್ಲಿ ಫಾರ್ಸ್ ಮತ್ತು ಯೆಮನ್ ದೇಶದ ವರ್ತಕರು ಇಳಿಯುತ್ತಿದ್ದರು. ಬೊಮ್ಮನ ಹೆಸರಿನ ಒಂದು ಫಲಕವೂ ಬಂದರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಎಂಟುನೂರು ಚಿಲ್ಲರೆ ವರ್ಷಗಳ ಹಿಂದೆ ಕಡಲು ದಾಟಿ ಯಜಮಾನನ ಲೆಕ್ಕ ತೀರಿಸಿ ಬಂದ ತುಳುನಾಡಿನ ಮನುಷ್ಯನೊಬ್ಬನ ಹೆಸರು ನಮಗೆ ಸಿಕ್ಕಿದೆ. ರಾಜರಲ್ಲದವರ ಹೆಸರು ಹೀಗೆ ಉಳಿಯುವುದು ಎಷ್ಟು ಅಪರೂಪ! ಶಾಲೆಯ ಮಕ್ಕಳಿಗೆ ಅದನ್ನು ಈ ಗಲ್ಲಿಯಲ್ಲೇ ನಿಲ್ಲಿಸಿ ಹೇಳಬೇಕು.

ಬಂದರಿನ ಜೀನತ್ ಬಕ್ಷ್ ಮಸೀದಿ ಇದೇ ಕಡಲ ವ್ಯಾಪಾರದ ಕೂಸು. ಅರಬ್ ವರ್ತಕರ ಜತೆ ಬಂದ ಮಾಲಿಕ್ ದೀನಾರ್ ಅವರ ಕಾಲದ್ದೆಂದು, ಏಳನೆಯ ಶತಮಾನದಷ್ಟು ಹಿಂದಿನದೆಂದು ಪ್ರತೀತಿ. ಟಿಪ್ಪು ಸುಲ್ತಾನ್ ಇದನ್ನು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟ ಎನ್ನುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಿದರೆ ಪಕ್ಕದ ಗುಡಿಗಳನ್ನು, ಗುತ್ತಿನ ಮನೆಗಳನ್ನು ಕಟ್ಟಿದ ಬಡಗಿಗಳ ಕೈಯೇ ಇಲ್ಲೂ ಆಡಿದೆ ಎನ್ನಿಸದೆ ಇರದು. ನಮಾಜಿನ ಹೊತ್ತು ಬಿಟ್ಟು, ಕೇಳಿಕೊಂಡು ಹೋಗಬೇಕು.

1834ರಲ್ಲಿ ಬಾಸೆಲ್ ಮಿಶನ್ನಿನವರು ಈ ಊರಿಗೆ ಬಂದದ್ದೂ ಕಡಲ ದಾರಿಯಲ್ಲಿ. ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಹಡಗಿನಲ್ಲಿ ಬಂದ ಸುದ್ದಿ ಮೊದಲು ಮುಟ್ಟುತ್ತಿದ್ದ ಊರಿನಲ್ಲಿ ಕನ್ನಡದ ಮೊದಲ ಸುದ್ದಿಪತ್ರಿಕೆ ಹುಟ್ಟಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಭಾನುವಾರದ ಪುರವಣಿ ಓದುವ ನಾವು ಈ ಬಂದರಿಗೆ ಅಷ್ಟು ಋಣಿಗಳು.

ಬಂದರಿನ ಹೋಟೆಲೊಂದರಲ್ಲಿ ಬನ್ಸ್, ಚಹಾ ಮುಗಿಸಿ ಕುದ್ರೋಳಿ, ಬೋಳೂರು ದಾಟಿ ಉತ್ತರಕ್ಕೆ ಸಾಗಿದರೆ ರಸ್ತೆ ಹೊಳೆಗೆ ತಾಗಿದಲ್ಲಿ ಸುಲ್ತಾನ್ ಬತ್ತೇರಿ. ಮಂಗಳೂರು ಕೋಟೆಗಾಗಿ 1783ರಿಂದ ತಿಂಗಳುಗಟ್ಟಲೆ ಟಿಪ್ಪುವಿನ ಮುತ್ತಿಗೆ ನಡೆದು, 1784ರ ಜನವರಿಯಲ್ಲಿ ಇಂಗ್ಲಿಷರ ದಂಡು ಸೋತು ಕೋಟೆ ಬಿಟ್ಟಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ಟಿಪ್ಪು ಕಟ್ಟಿಸಿದ್ದೆನ್ನುವ ಕಪ್ಪುಕಲ್ಲಿನ ಕಾವಲುಗೋಪುರ ಇದು. ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗದಂತೆ ತಡೆಯುವುದು ಉದ್ದೇಶ. ಮೆಟ್ಟಿಲು ಹತ್ತಿ ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಹೊಳೆಯ ಅಗಲವೆಲ್ಲ ಅದರೊಳಗೆ ಸಿಗುತ್ತದೆ. ಗೋಪುರ ಚಿಕ್ಕದು, ಕೋಟೆಯೆಂದುಕೊಂಡು ಬಂದವರಿಗೆ ನಿರಾಸೆಯಾಗಬಹುದು. ಆದರೆ ಅದನ್ನು ಎಲ್ಲಿ ಕಟ್ಟಿದ್ದಾರೆ ಎಂಬುದನ್ನು ನೋಡಬೇಕು. ಊರಿನ ಬಾಗಿಲು ಹೊಳೆಯೇ ಎಂದು ತಿಳಿದಿದ್ದವರು ಆರಿಸಿದ ಜಾಗ ಅದು.

ಬತ್ತೇರಿಯ ಬುಡದಲ್ಲೇ ಮೊದಲ ಕಡವು. ಇಲ್ಲಿಂದ ತಣ್ಣೀರುಬಾವಿಗೆ ದೋಣಿ. ತೂಗುಸೇತುವೆ ಕಟ್ಟುತ್ತೇವೆಂದು ಶುರುಮಾಡಿ ಅರ್ಧಕ್ಕೇ ಕೈಬಿಟ್ಟಿದ್ದಾರೆ. ಸೇತುವೆ ಬರಲಿಲ್ಲವೆಂದು ಬೇಸರವಾಗುವುದು ಆಚೆ ದಡದವರಿಗೆ, ಅವರ ಬೇಸರ ನ್ಯಾಯವಾದದ್ದು. ರಾತ್ರಿ ಹೆರಿಗೆ ನೋವು ಬಂದವರನ್ನು ಕರೆದೊಯ್ಯಬೇಕಾದರೆ ಕೂಳೂರಿನ ಸೇತುವೆ ಸುತ್ತಿ ಬರಬೇಕು. ದೋಣಿಯವರಿಗೆ ಸೈಕಲ್ ಹೊಸತಲ್ಲ. "ಎದುರು ಇಡಿ ಮಾರಾಯ್ರೆ, ಹ್ಯಾಂಡಲ್ ಬಿಡ್ಬೇಡಿ" ಎಂದು ಒಂದು ಕೈಯಲ್ಲಿ ಎತ್ತಿ ಒಳಗಿಡುತ್ತಾರೆ. ಎಂಜಿನ್ ಗುಡುಗಿ, ದಡ ಹಿಂದೆ ಸರಿದು, ಹೊಳೆಯ ನಡುವೆ ಬಂದಾಗ ಒಮ್ಮೆ ತಿರುಗಿ ನೋಡಬೇಕು. ಗುಡ್ಡದ ಮೇಲಿನ ಮಂಗಳೂರು ಅಷ್ಟೂ ಬಹುಮಹಡಿಗಳೊಂದಿಗೆ ತೆಂಗಿನ ಸಾಲಿನ ಮೇಲೆ ಎದ್ದು ನಿಂತಿರುತ್ತದೆ. ಊರಿಗೆ ಅದರ ಪೂರ್ತಿ ರೂಪ ಬರುವುದು ನೀರಿನಿಂದ ನೋಡಿದಾಗಲೇ.

ತಣ್ಣೀರುಬಾವಿಯ ದಡದಲ್ಲಿ ನಿಂತಾಗಲೆಲ್ಲ ನನಗೆ ನೆನಪಾಗುವುದು ಈ ಹೊಳೆಯಲ್ಲಿ ಒಂದು ಕಾಲದಲ್ಲಿ ತೇಲುತ್ತಿದ್ದ ವಿದ್ಯುತ್ ಸ್ಥಾವರ. 2001ರಲ್ಲಿ ಜಿಎಂಆರ್ ಕಂಪನಿ 220 ಮೆಗಾವಾಟ್‌ನ ನಾಫ್ತಾ ಸ್ಥಾವರವನ್ನು ನೆಲದ ಮೇಲೆ ಕಟ್ಟದೆ ನಾಡದೋಣಿಗಳು ಓಡಾಡುವ ಈ ನೀರಿನಲ್ಲೇ, ದೊಡ್ಡ ಬಾರ್ಜಿನ ಮೇಲೆ ತಂದು ನಿಲ್ಲಿಸಿತ್ತು. ಸುಮಾರು ಹತ್ತು ವರ್ಷದ ಬಳಿಕ ಬಾರ್ಜನ್ನು ಕಡಲ ದಾರಿಯಲ್ಲಿ ಎಳೆದುಕೊಂಡು ಆಂಧ್ರದ ಕಾಕಿನಾಡಕ್ಕೆ ಒಯ್ದರು. ಒಂದು ಜಿಲ್ಲೆಗೆ ಬೆಳಕು ಕೊಡಬಲ್ಲ ಕಾರ್ಖಾನೆ ಹಡಗಿನಂತೆ ಬಂದು ಹಡಗಿನಂತೆಯೇ ಹೊರಟುಹೋಯಿತು.

ತಣ್ಣೀರುಬಾವಿ ಕಿನಾರೆಯಲ್ಲಿ ಸಂಜೆ ಜನಜಂಗುಳಿ. ಬೆಳಗಿನ ಹೊತ್ತು ಅದು ಮೊಗವೀರರದ್ದು. ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದು ಸಿಗುತ್ತದೆ. ದೋಣಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಸಾಲು ಜನ. ಎಳೆಯುತ್ತ ಎಳೆಯುತ್ತ ಎರಡೂ ಸಾಲು ಹತ್ತಿರ ಬರುತ್ತವೆ, ನೀರಿನ ಅಂಚಿನಲ್ಲಿ ಬೆಳ್ಳಿ ಕುದಿಯತೊಡಗುತ್ತದೆ. ಇದರ ಅಣ್ಣನಂಥ ದೊಡ್ಡ ರಂಪಣಿ ಒಂದು ಕಾಲಕ್ಕೆ ಈ ಕರಾವಳಿಯ ಊರುಗಳ ಜೀವಾಳವಾಗಿತ್ತು. ಇಡೀ ಊರು ಬಲೆಯಲ್ಲಿ ಪಾಲುದಾರ, ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ಬಂಗುಡೆಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಆಳದಲ್ಲೇ ಸುತ್ತಿ ಎತ್ತತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಹೊಟ್ಟೆಪಾಡಿಗಾಗಿ ಜಗಳಗಳೇ ನಡೆದವು. ಇಂದು ಧಕ್ಕೆಯಲ್ಲಿ ಕಾಣುವ ಬೋಟುಗಳ ಸಿರಿ ಆ ದಡದ ನಷ್ಟದ ಮೇಲೆ ನಿಂತದ್ದು ಎಂಬುದನ್ನು ಮರೆಯಬಾರದು.

ಇಲ್ಲಿಂದ ಉತ್ತರಕ್ಕೆ ಪಣಂಬೂರು. ದಾರಿಯಲ್ಲಿ ಲಾರಿಗಳು, ಕಾರ್ಖಾನೆಯ ಗೋಡೆಗಳು. ಸೈಕಲ್ ಸವಾರರಿಗೆ ಸುಖವಿಲ್ಲ, ಭಾನುವಾರ ಬೆಳಿಗ್ಗೆ ಪರವಾಗಿಲ್ಲ. ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಹಳೆ ಬಂದರಿನಲ್ಲಿ ಆಳವಿಲ್ಲ. ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳು ತಂದು ಕೊಡಬೇಕಿತ್ತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಅದಕ್ಕೆ ಪಣಂಬೂರಿನ ಮರಳನ್ನು ತೋಡಿ, ನೆಲದೊಳಗೆ ಕಡಲನ್ನು ಕರೆತಂದು ಹೊಸ ಬಂದರು ಮಾಡಿದರು. ಕುದುರೆಮುಖದ ಅದಿರು ಘಟ್ಟದ ಮೇಲಿಂದ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಇಲ್ಲಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಆ ಗಣಿ ನಿಂತಿತು. ಬಂದರಿಗೆ ಜಾಗ ಬಿಟ್ಟುಕೊಟ್ಟ ಪಣಂಬೂರು, ಬೈಕಂಪಾಡಿಯ ಕುಟುಂಬಗಳನ್ನು ಒಳಗಿನ ಕಾಟಿಪಳ್ಳ, ಕೃಷ್ಣಾಪುರಕ್ಕೆ ಕಳಿಸಿದರು. ತಲೆಮಾರುಗಳಿಂದ ಕಡಲ ಸದ್ದಿನಲ್ಲಿ ಮಲಗಿದವರು ಮುರಕಲ್ಲಿನ ಗುಡ್ಡದಲ್ಲಿ ಹೊಸ ಬಾವಿ ತೋಡಿದರು. ಚಳಿಗಾಲದಲ್ಲಿ ಬಿಳಿಯ ಪ್ರವಾಸಿ ಹಡಗು ಬಂದು ನಿಂತಾಗ ಪಣಂಬೂರು ಕಿನಾರೆಯಿಂದ ನೋಡಲು ಚೆಂದ. ಆ ಚೆಂದದ ಬೆಲೆ ಕಾಟಿಪಳ್ಳದವರು ಕೊಟ್ಟಿದ್ದಾರೆ.

ಗಾಳಿ ತಿರುಗುವ ಹೊತ್ತಿಗೆ ದಕ್ಷಿಣಕ್ಕೆ. ತಣ್ಣೀರುಬಾವಿಯಿಂದ ಬೆಂಗ್ರೆಯ ಕಡೆಗಿನ ದಾರಿ ಕಿರಿದು, ಎರಡು ಬದಿಯಲ್ಲೂ ನೀರು. ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ಸಾಲುಮನೆಗಳು, ಒಣಹಾಕಿದ ಬಲೆಗಳು, ಭಜನಾ ಮಂದಿರ, ಮಸೀದಿ, ಕ್ರಿಕೆಟ್ ಆಡುವ ಹುಡುಗರು. ಕೊನೆಗೆ ಮರಳು. ಸೈಕಲ್ ಇಳಿದು ತಳ್ಳುತ್ತ ಹೋದರೆ ಅಳಿವೆ ಬಾಗಿಲು. ಬೋಟುಗಳು ಒಂದರ ಹಿಂದೆ ಒಂದು ಒಳಗೆ ಬರುವುದನ್ನು ಇಲ್ಲಿಂದ ನೋಡಬೇಕು. ಹೂಳು ತುಂಬಿದಲ್ಲಿ ಅಲೆ ಒಡೆಯುತ್ತದೆ. ಚಾಲಕ ಅಲೆಯ ಬೆನ್ನು ಬರುವವರೆಗೂ ಕಾದು, ಒಮ್ಮೆಗೇ ಎಂಜಿನ್ ಏರಿಸಿ ಒಳಗೆ ಜಾರುತ್ತಾನೆ. ಇಲ್ಲಿ ದೋಣಿ ಮಗುಚಿ ಜೀವ ಹೋದದ್ದುಂಟು. ಹೂಳೆತ್ತಿ ಎಂಬ ಕೂಗು ಹಳೆಯದು.

ಎದುರಿಗೆ ಉಳ್ಳಾಲ. ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಕಾದಾಡಿದ ಅಬ್ಬಕ್ಕನ ಊರು. 1623ರಲ್ಲಿ ಈ ಕಡೆ ಬಂದಿದ್ದ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಎಂಬ ಯಾತ್ರಿಕ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಿ ಅಲ್ಲ. ಆಕೆ ಬರಿಗಾಲಿನಲ್ಲಿ, ನೀರಿನ ಕಾಲುವೆ ತೋಡಿಸುವ ಕೆಲಸ ನೋಡಿಕೊಳ್ಳುತ್ತ ನಡೆದು ಬರುತ್ತಿದ್ದಳಂತೆ. ಆ ಉಳ್ಳಾಲದ ದಂಡೆಯನ್ನು ಇಂದು ಕಡಲು ತಿನ್ನುತ್ತಿದೆ. ಎಷ್ಟೋ ಮನೆಗಳು, ತೆಂಗಿನ ಮರಗಳು ಹೋಗಿವೆ. ಕಲ್ಲು ಸುರಿದರು, ತಡೆಗೋಡೆ ಹಾಕಿದರು, ನೀರಿನಡಿ ದಿಬ್ಬ ಕಟ್ಟಿದರು. ಇಷ್ಟು ಹತ್ತಿರ ಕಾಣುವ ಊರಿಗೆ ರಸ್ತೆಯಲ್ಲಿ ಹೋಗಬೇಕೆಂದರೆ ಮಂಗಳೂರನ್ನೆಲ್ಲ ಬಳಸಿ ನೇತ್ರಾವತಿಯ ಹೆದ್ದಾರಿ ಸೇತುವೆ ದಾಟಬೇಕು. ಆ ಸೇತುವೆಯಲ್ಲಿ ಸೈಕಲ್ಲಿಗೆ ಬೇರೆ ಅಂಚಿಲ್ಲ. ಹಾಗಾಗಿ ಉಳ್ಳಾಲವನ್ನು ಇಲ್ಲಿಂದಲೇ ನೋಡಿ ತಿರುಗುವುದು ಲೇಸು.

ಎರಡನೆಯ ಕಡವು ಬೆಂಗ್ರೆಯಿಂದ ಬಂದರಿಗೆ. ಇದು ಪ್ರವಾಸಿಗರ ದೋಣಿಯಲ್ಲ, ಊರಿನವರ ನಿತ್ಯದ ದಾರಿ. ಶಾಲೆ, ಆಸ್ಪತ್ರೆ, ರೇಷನ್, ಕೂಲಿ ಎಲ್ಲಕ್ಕೂ ಹೊಳೆ ದಾಟಲೇಬೇಕು. ಸಮವಸ್ತ್ರದ ಮಕ್ಕಳು, ಬುಟ್ಟಿ ಹೊತ್ತವರು, ಸ್ಕೂಟರ್ ಹಿಡಿದವರು ಎಲ್ಲ ಒತ್ತಿಕೊಂಡು ನಿಲ್ಲುತ್ತಾರೆ. ನನ್ನ ಸೈಕಲ್ ಹಿಡಿದುಕೊಂಡ ಹಿರಿಯರೊಬ್ಬರು ಕೇಳಿದರು: "ಎಲ್ಲಿಂದ ಬಂದದ್ದು?" ಜೆಪ್ಪುವಿನಿಂದ ಎಂದೆ. "ಸೈಕಲಲ್ಲಿಯಾ? ಒಳ್ಳೇದಾಯ್ತು. ನಾವು ಮೊದಲು ಹಾಗೇ ಹೋಗ್ತಾ ಇದ್ದದ್ದು" ಎಂದರು.

ಈ ಅಂಚಿಗೆ ಬೇಕಾದ್ದು ಬಹಳವಿಲ್ಲ. ಎರಡೂ ಕಡವುಗಳಲ್ಲಿ ಸೈಕಲ್, ಗಾಲಿಕುರ್ಚಿ, ಮೀನಿನ ಗಾಡಿ ಇಳಿಸಬಲ್ಲ ಇಳಿಜಾರಿನ ಹಲಗೆ. ದೋಣಿಗೆ ಕಾಯುವವರಿಗೆ ಒಂದು ಮಾಡು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ. ಹೊಯಿಗೆಬಜಾರಿನಿಂದ ಧಕ್ಕೆವರೆಗೆ ಬೆಳಗಿನ ಜಾವ ಉರಿಯುವ ದೀಪಗಳು. ಬಂದರಿನ ಹಳೆ ಗೋದಾಮುಗಳನ್ನು ಕೆಡವುವ ಮೊದಲು ಅವುಗಳ ಒಂದು ಪಟ್ಟಿ. ಉಳ್ಳಾಲಕ್ಕೆ ಭಾನುವಾರದ ಮಟ್ಟಿಗಾದರೂ ಸೈಕಲ್ ಹತ್ತಿಸುವ ಒಂದು ದೋಣಿ. ಇವಿಷ್ಟಾದರೆ ನೋಡಲು ಬಂದವರಿಗೂ ದಾರಿ, ದುಡಿಯುವವರಿಗೂ ದಾರಿ. ಜೂನ್ ಬಂತೆಂದರೆ ಗುರುಪುರ ಹೊಳೆ ಕೆಂಪಾಗಿ ಉಕ್ಕಿ ಬರುತ್ತದೆ, ಜಾರುವ ಮೆಟ್ಟಿಲಿನಲ್ಲಿ ಬೆಂಗ್ರೆಯ ಮಕ್ಕಳು ಚೀಲವನ್ನು ತಲೆಯ ಮೇಲಿಟ್ಟುಕೊಂಡು ದೋಣಿಗೆ ಹಾರಬೇಕು. ಆ ಹಲಗೆಯಾದರೂ ಮೇ ತಿಂಗಳೊಳಗೆ ಆಗಲಿ.